ಮೆಸೇಜು ನಿಮ್ಮದು, ಸರ್ವರ್ ಯಾರದು?

ಪ್ರಶ್ನೋತ್ತರ: ಕಂಪ್ಯೂಟರಿನಲ್ಲಿ ಬಳಸುವ ಮುಕ್ತ ಮೆಸೇಜಿಂಗ್ ತಂತ್ರಾಂಶಗಳು

ಮುಕ್ತ ತಂತ್ರಾಂಶ ಎಂದರೆ ಮೂಲ ಸಂಕೇತ ಎಲ್ಲರಿಗೂ ತೆರೆದಿರುವಂಥದು. ಈ ಸಲ ಆರಿಸಿಕೊಂಡ ಪ್ರಶ್ನೆಗಳೆಲ್ಲ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳವು. ಕೇಳಿದವರ ಹೆಸರು ಬಿಟ್ಟು ಊರು, ಕೆಲಸ ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ: ನಂದೂರು-ಕೆಸರಟಗಿ ಕೈಗಾರಿಕಾ ಪ್ರದೇಶದಾಗ ನಮ್ದು ತೊಗರಿ ಬ್ಯಾಳಿ ಮಿಲ್ ಅದರಿ. ಗೇಟಿನ ಹತ್ರ ಕಾಟಾ, ಹಿಂದ ಗೋದಾಮು, ನಡುವ ಆಫೀಸು, ಎಲ್ಲಾ ಸೇರಿ 11 ಕಂಪ್ಯೂಟರ್. ಲಾರಿ ತೂಕ ಆದಕೂಡ್ಲೆ ಆಫೀಸಿಗಿ ತಿಳಸ್ಬೇಕು. ಈಗ ವಾಟ್ಸ್‌ಆ್ಯಪ್ ವೆಬ್‌ನಾಗ ಮಾಡ್ಲಿಕತ್ತೀವಿ, ನೆಟ್ ಹೋದ್ರ ಕೆಲ್ಸ ನಿಂತೇ ಹೋಗ್ತದ. ನೆಟ್ ಇಲ್ದ ನಡಿಯೋದು ಏನರ ಅದೇನ್ರಿ?
– ಮಿಲ್ ಮುನೀಮರು, ಕಲಬುರಗಿ

ಉತ್ತರ: ಇದೆ, ಮತ್ತು ನಿಮ್ಮ ಕೆಲಸಕ್ಕೆ ಸರ್ವರ್ (ಎಲ್ಲರ ಮೆಸೇಜು ಹಾದುಹೋಗುವ ನಡುವಿನ ಕಂಪ್ಯೂಟರ್) ಕೂಡ ಬೇಕಿಲ್ಲ. ಹನ್ನೊಂದೂ ಕಂಪ್ಯೂಟರುಗಳು ಒಂದೇ ನೆಟ್‌ವರ್ಕ್ ಸ್ವಿಚ್ಚಿನ (ಎಲ್ಲ ಕೇಬಲ್ ಬಂದು ಕೂಡುವ ಪೆಟ್ಟಿಗೆ) ಜಾಲದಲ್ಲಿದ್ದರೆ ಒಂದು ಇನ್ನೊಂದನ್ನು ತಾನೇ ಹುಡುಕಿ ಮಾತಾಡಿಸುವ ತಂತ್ರಾಂಶಗಳಿವೆ. ಎರಡನ್ನು ಹೆಸರಿಸುತ್ತೇವೆ: ಐಪಿ ಮೆಸೆಂಜರ್ ಮತ್ತು ಬೀಬೀಪ್.

ಐಪಿ ಮೆಸೆಂಜರ್ ಜಪಾನಿನಲ್ಲಿ 1996ರಲ್ಲಿ ಹುಟ್ಟಿದ್ದು. ನೋಡಲು ಹಳೇ ಕಾಲದ ಹಾಗಿದೆ, ಆದರೆ ಬಹಳ ಹಗುರ. ಕಾಟಾದ ಕೆಲಸಕ್ಕೆ ಇದರಲ್ಲಿ ಒಂದು ಅನುಕೂಲವಿದೆ: ಮೆಸೇಜಿಗೆ ‘ಸೀಲ್’ ಹಾಕಿ ಕಳಿಸಿದರೆ, ಆಫೀಸಿನವರು ಅದನ್ನು ಒಡೆದು ಓದಿದ ಕ್ಷಣ ಕಾಟಾದವರಿಗೆ ತಿಳಿಯುತ್ತದೆ. ‘ನಾ ಕಳಿಸೀನಿ’, ‘ನನಗ ಬಂದಿಲ್ಲ’ ಎಂಬ ಜಗಳಕ್ಕೆ ಜಾಗವಿರುವುದಿಲ್ಲ. ಲಾಗ್ (ಮೆಸೇಜುಗಳ ದಾಖಲೆ) ಇಡುವ ಆಯ್ಕೆಯನ್ನು ಮಾತ್ರ ಮೊದಲ ದಿನವೇ ಆನ್ ಮಾಡಿ, ಆ ಲಾಗ್ ಫೈಲ್ ಎಲ್ಲಿ ಉಳಿಯುತ್ತದೆ ಎಂದು ನೋಡಿಕೊಳ್ಳಿ. ಬೀಬೀಪ್ ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತದೆ, ಗುಂಪು ಮಾಡಬಹುದು, ಎದುರಿನವರ ಕಂಪ್ಯೂಟರ್ ಬಂದ್ ಇದ್ದಾಗ ಬರೆದದ್ದನ್ನು ಅವರು ಬಂದ ಮೇಲೆ ತಲುಪಿಸುತ್ತದೆ. ಆದರೆ ನಡುವೆ ಸರ್ವರ್ ಇಲ್ಲವಲ್ಲ, ಆ ಮೆಸೇಜು ಅಲ್ಲಿಯ ತನಕ ಕಳಿಸಿದವರ ಕಂಪ್ಯೂಟರಿನಲ್ಲೇ ಇರುತ್ತದೆ. ಕಾಟಾದವರು ಪಾಳಿ ಮುಗಿಸಿ ಕಂಪ್ಯೂಟರ್ ಆರಿಸಿ ಹೋದರೆ, ರಾತ್ರಿ ಪಾಳಿಯವರಿಗೆ ಅದು ಸಿಗುವುದಿಲ್ಲ.

ತಂತ್ರಾಂಶಕ್ಕಿಂತ ನಿಮ್ಮಲ್ಲಿ ವೈರಿಂಗ್ ಕಾಡುವ ಸಂಭವ ಹೆಚ್ಚು. ತಾಮ್ರದ ನೆಟ್‌ವರ್ಕ್ ಕೇಬಲ್ಲಿನ ಮಿತಿ 100 ಮೀಟರ್. ಗೇಟಿನಿಂದ ಆಫೀಸು ಅದಕ್ಕಿಂತ ದೂರವಿದ್ದರೆ ಸಂಪರ್ಕ ಬಿಟ್ಟುಬಿಟ್ಟು ಬರುತ್ತದೆ. ಜನ ತಂತ್ರಾಂಶವನ್ನು ಬೈಯುತ್ತಾರೆ. ಬಯಲಿನಲ್ಲಿ ಎಳೆದ ತಾಮ್ರದ ತಂತಿಯ ಇನ್ನೊಂದು ಕಾಟ ಗುಡುಗು ಸಿಡಿಲು. ಮೊದಲ ಮಳೆಗೇ ಎರಡೂ ತುದಿಯ ಪೋರ್ಟ್ ಸುಟ್ಟುಹೋಗಬಹುದು. ಕಾಟಾದಿಂದ ಆಫೀಸಿಗೆ ಫೈಬರ್ ಎಳೆದು, ಎರಡೂ ಕಡೆ ಫೈಬರನ್ನು ತಾಮ್ರದ ಕೇಬಲ್ಲಿಗೆ ಜೋಡಿಸುವ ಮೀಡಿಯಾ ಕನ್ವರ್ಟರ್ ಕೂರಿಸುವುದೇ ಲೇಸು. ಇನ್ನು, ಕಂಪ್ಯೂಟರುಗಳಿಗೆಲ್ಲ ಯುಪಿಎಸ್ ಇದ್ದು ಸ್ವಿಚ್ಚಿಗೆ ಇಲ್ಲದಿರುವುದು ಎಲ್ಲೆಲ್ಲೂ ಕಾಣುವ ಎಡವಟ್ಟು. ಸಣ್ಣ ಸ್ವಿಚ್ ಎಳೆಯುವುದು ಹೆಚ್ಚೆಂದರೆ ಹತ್ತು ಹನ್ನೆರಡು ವ್ಯಾಟ್. ಅದನ್ನೂ ಯುಪಿಎಸ್ಸಿಗೇ ಕೊಡಿ. ಬ್ಯಾಳಿ ಹೊಟ್ಟಿನ ಧೂಳು ತಾಕದ ಹಾಗೆ ಪೆಟ್ಟಿಗೆಯಲ್ಲಿಡಿ, ಆದರೆ ಗಾಳಿಗೆ ಕಿಂಡಿ ಇರಲಿ. ಕಲಬುರಗಿಯ ಮೇ ತಿಂಗಳು ನಿಮಗೆ ಹೇಳಬೇಕಿಲ್ಲ.

ಪ್ರಶ್ನೆ: ಶಾಲೆಯ ಲ್ಯಾಬಿನ 20 ಕಂಪ್ಯೂಟರುಗಳಿಗೆ ಬೀಬೀಪ್ ಹಾಕಿದ್ದೇವೆ. ಅರ್ಧದಷ್ಟು ಮಾತ್ರ ಒಂದಕ್ಕೊಂದು ಕಾಣಿಸುತ್ತವೆ. ಯಾಕೆ?
– ಶಿಕ್ಷಕರು, ಗುರುಮಠಕಲ್

ಉತ್ತರ: ಇಂಥ ತಂತ್ರಾಂಶ ‘ಯಾರಿದ್ದೀರಿ?’ ಎಂದು ಇಡೀ ಜಾಲಕ್ಕೆ ಕೂಗುತ್ತದೆ. ಆ ಕೂಗು ರೂಟರ್ ದಾಟುವುದಿಲ್ಲ. ಆದ್ದರಿಂದ ಮೊದಲು ಕಾಣುವ ಒಂದರಲ್ಲಿ, ಕಾಣದ ಒಂದರಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಕೊಟ್ಟು ವಿಳಾಸ ಹೋಲಿಸಿ. ಒಂದು 192.168.0 ಎಂದೂ ಇನ್ನೊಂದು 192.168.1 ಎಂದೂ ಶುರುವಾದರೆ ಕಾರಣ ಸಿಕ್ಕಿತು: ಎರಡನೆಯ ವೈಫೈ ರೂಟರ್ ತಂದವರು ಮೊದಲನೆಯದರ ಕೇಬಲ್ಲನ್ನು ಅದರ ವ್ಯಾನ್ (ಹೊರಗಿನ ಜಾಲದ) ಕಿಂಡಿಗೆ ಸಿಕ್ಕಿಸಿದ್ದಾರೆ, ಅದು ತನ್ನದೇ ಬೇರೆ ಜಾಲ ಕಟ್ಟಿಕೊಂಡಿದೆ. ಎರಡನೆಯ ರೂಟರಿನ ಸೆಟ್ಟಿಂಗಿಗೆ ಹೋಗಿ ಅದರ ವಿಳಾಸವನ್ನು ಮೊದಲನೆಯ ಜಾಲದ ಖಾಲಿ ಅಂಕಿಗೆ ಬದಲಿಸಿ, ವಿಳಾಸ ಹಂಚುವ ಡಿಎಚ್‌ಸಿಪಿ ಬಂದ್ ಮಾಡಿ, ಆಮೇಲೆ ಕೇಬಲ್ಲನ್ನು ವ್ಯಾನ್‌ನಿಂದ ಕಿತ್ತು ಲ್ಯಾನ್ (ಒಳಜಾಲದ) ಕಿಂಡಿಗೆ ಹಾಕಿ. ಈ ಅನುಕ್ರಮ ತಪ್ಪಿಸಬೇಡಿ. ಡಿಎಚ್‌ಸಿಪಿ ಬಂದ್ ಮಾಡದೆ ಕೇಬಲ್ ಬದಲಿಸಿದರೆ ಎರಡು ರೂಟರುಗಳೂ ವಿಳಾಸ ಹಂಚಲು ನಿಂತು ಗೊಂದಲ ಇಮ್ಮಡಿಯಾಗುತ್ತದೆ.

ವಿಳಾಸ ಒಂದೇ ಬಗೆಯದಾಗಿದ್ದರೆ ವಿಂಡೋಸ್ ನೋಡಿ. ನೆಟ್‌ವರ್ಕ್ ಪ್ರೊಫೈಲ್ ‘ಪಬ್ಲಿಕ್’ ಎಂದಿದ್ದರೆ ‘ಪ್ರೈವೇಟ್’ ಮಾಡಿ, ಫೈರ್‌ವಾಲ್‌ನಲ್ಲಿ ಬೀಬೀಪ್‌ಗೆ ಅನುಮತಿ ಕೊಡಿ. ಮೊದಲ ಸಲ ತೆರೆದಾಗ ಬಂದ ಫೈರ್‌ವಾಲ್ ಪ್ರಶ್ನೆಗೆ ಯಾರೋ ಮಕ್ಕಳು ‘ಕ್ಯಾನ್ಸಲ್’ ಒತ್ತಿದ್ದರೂ ಹೀಗಾಗುತ್ತದೆ; ಆಗ ಹಳೆಯ ನಿಯಮ ಅಳಿಸಿ ಹೊಸದಾಗಿ ಕೊಡಬೇಕು. ವೈಫೈ ಮೇಲಿನವು ಮಾತ್ರ ಕಾಣುತ್ತಿಲ್ಲವೆಂದರೆ ರೂಟರಿನಲ್ಲಿ ವೈಫೈ ಸಾಧನಗಳನ್ನು ಒಂದರಿಂದೊಂದು ಮರೆಮಾಡುವ ‘ಎಪಿ ಐಸೊಲೇಶನ್’ ಅಥವಾ ಗೆಸ್ಟ್ ನೆಟ್‌ವರ್ಕ್ ಆನ್ ಇದೆ. ಒಂದೇ ಹಾರ್ಡ್‌ಡಿಸ್ಕ್ ನಕಲು ಮಾಡಿ ಇಪ್ಪತ್ತಕ್ಕೂ ಹಾಕಿದ್ದರೆ ಎಲ್ಲದರ ಹೆಸರೂ ಒಂದೇ ಆಗಿರುತ್ತದೆ. ಪ್ರತಿ ಕಂಪ್ಯೂಟರಿಗೂ, ಬೀಬೀಪ್ ಒಳಗಿನ ಬಳಕೆದಾರನಿಗೂ ಬೇರೆ ಹೆಸರಿಡಿ. ಎರಡು ಜಾಲ ಬೇಕೇ ಬೇಕು ಎನ್ನುವುದಾದರೆ, ಬೀಬೀಪ್‌ನಲ್ಲಿ ಇನ್ನೊಂದು ಜಾಲದ ವಿಳಾಸಗಳನ್ನು ಕೈಯಿಂದ ಸೇರಿಸಲು ಜಾಗವಿದೆ. ಐಪಿ ಮೆಸೆಂಜರ್ ಹಾಕುವುದಾದರೆ ಅದರ ಪೋರ್ಟ್ (ಜಾಲದ ಬಾಗಿಲಿನ ಸಂಖ್ಯೆ) 2425; ಫೈರ್‌ವಾಲ್‌ನಲ್ಲಿ ಟಿಸಿಪಿ ಮತ್ತು ಯುಡಿಪಿ ಎಂಬ ಎರಡೂ ಬಗೆಯನ್ನು ಬಿಡಬೇಕು.

ಪ್ರಶ್ನೆ: ನಮ್ಮ ಪತ್ತಿನ ಸಹಕಾರ ಸಂಘದ ಮುಖ್ಯ ಕಚೇರಿ ಬೀದರಿನಲ್ಲಿ, ಶಾಖೆಗಳು ಭಾಲ್ಕಿ ಮತ್ತು ಹುಮನಾಬಾದಿನಲ್ಲಿ. ಕಂಪ್ಯೂಟರ್, ಮೊಬೈಲ್ ಎರಡಕ್ಕೂ ಮೆಸೇಜು ಬರಬೇಕು, ಹೊರಗಿನ ಕಂಪನಿಯ ಸರ್ವರಿನಲ್ಲಿ ಉಳಿಯಬಾರದು. ಮೂಲೆಗಿಟ್ಟ ಹಳೆಯ ಕಂಪ್ಯೂಟರನ್ನೇ ಸರ್ವರ್ ಮಾಡಬಹುದೇ?
– ಸಂಘದ ಕಾರ್ಯದರ್ಶಿ, ಬೀದರ್

ಉತ್ತರ: ಮಾಡಬಹುದು. ನಿಮಗೆ ಒಪ್ಪುವುದು ಎಕ್ಸ್‌ಎಂಪಿಪಿ. 1999ರಲ್ಲಿ ಜ್ಯಾಬರ್ ಎಂಬ ಹೆಸರಿನಿಂದ ಶುರುವಾಗಿ 2004ರಲ್ಲಿ ಇಂಟರ್‌ನೆಟ್ ಮಾನಕಗಳನ್ನು ರೂಪಿಸುವ ಐಇಟಿಎಫ್‌ನ ಮಾನಕವಾದ ಮೆಸೇಜಿಂಗ್ ವ್ಯವಸ್ಥೆ ಇದು. ವಿಳಾಸ ಇಮೇಲ್ ರೀತಿಯದೇ. ಸರ್ವರಿಗೆ ಪ್ರೊಸೊಡಿ, ಕಂಪ್ಯೂಟರುಗಳಿಗೆ ಗಜಿಮ್, ಆಂಡ್ರಾಯ್ಡ್ ಫೋನಿಗೆ ಕಾನ್ವರ್ಸೇಶನ್ಸ್, ಲಿನಕ್ಸ್ ಇದ್ದ ಕಡೆ ಬೇಕಾದರೆ ಡಿನೊ. ಕಾನ್ವರ್ಸೇಶನ್ಸ್‌ಗೆ ಪ್ಲೇ ಸ್ಟೋರಿನಲ್ಲಿ ಹಣ ಕೊಡಬೇಕು, ಮುಕ್ತ ಆ್ಯಪ್‌ಗಳ ಭಂಡಾರವಾದ ಎಫ್-ಡ್ರಾಯ್ಡ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಐವತ್ತು ಜನರ ಸಂಘಕ್ಕೆ 2 ಜಿಬಿ ರ‍್ಯಾಮಿನ ಹಳೆಯ ಯಂತ್ರವೂ ಧಾರಾಳವಾಯಿತು.

ಮೊದಲು ಡೊಮೇನ್ ಹೆಸರು ನಿಶ್ಚಯಿಸಿ. ಪ್ರತಿಯೊಬ್ಬರ ವಿಳಾಸದ ಕೊನೆಗೆ ಅದೇ ಕೂರುತ್ತದೆ, ಆಮೇಲೆ ಬದಲಿಸುವುದೆಂದರೆ ಎಲ್ಲ ಖಾತೆಗಳನ್ನೂ ಹೊಸದಾಗಿ ಮಾಡಿದಂತೆ. ‘ಸದ್ಯಕ್ಕೆ ಲೋಕಲ್ ಅಂತ ಇರಲಿ’ ಎಂದು ಶುರುಮಾಡಬೇಡಿ. ಒಂದು ಡೊಮೇನ್ ಕೊಂಡರೆ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯಿಂದ, ಸರ್ವರ್ ನಿಮ್ಮದೇ ಎಂದು ಸಾಬೀತುಪಡಿಸುವ ಪುಕ್ಕಟೆ ಪ್ರಮಾಣಪತ್ರವೂ ಸಿಗುತ್ತದೆ. ಅದರ ಅವಧಿ 90 ದಿನ. ತಾನೇ ನವೀಕರಣವಾಗುವಂತೆ ಇಡಿ. ಸರ್ವರ್ ಇಂಟರ್‌ನೆಟ್ಟಿಗೆ ತೆರೆದಿರದಿದ್ದರೂ ಡೊಮೇನಿನ ಡಿಎನ್‌ಎಸ್ ದಾಖಲೆಯ ಮೂಲಕ ಇದನ್ನು ಪಡೆಯಬಹುದು.

ಹಳೆಯ ಯಂತ್ರಕ್ಕೆ ಡೆಬಿಯನ್ ಲಿನಕ್ಸ್ ಹಾಕಿ, ಅದರ ಭಂಡಾರದಿಂದಲೇ ಪ್ರೊಸೊಡಿ ಇನ್‌ಸ್ಟಾಲ್ ಮಾಡಿ. ಸಂರಚನೆಯೆಲ್ಲ ಇಟಿಸಿ ಒಳಗಿನ ಪ್ರೊಸೊಡಿ ಫೋಲ್ಡರಿನ ಒಂದೇ ಫೈಲಿನಲ್ಲಿದೆ. ಅದು ಲುವಾ ಭಾಷೆಯದು. ಸಾಲಿನ ಮುಂದೆ ಎರಡು ಅಡ್ಡಗೆರೆ ಇದ್ದರೆ ಆ ಸಾಲು ಸತ್ತಿದೆ ಎಂದರ್ಥ. ಮಾಡ್ಯೂಲುಗಳ ಪಟ್ಟಿಯಲ್ಲಿ ‘ಮ್ಯಾಮ್’ ಎಂಬುದರ ಮುಂದೆ ಹಾಗಿದ್ದರೆ ಗೆರೆ ತೆಗೆಯಿರಿ. ಮೆಸೇಜುಗಳನ್ನು ಸರ್ವರಿನಲ್ಲಿ ಸ್ವಲ್ಪ ಕಾಲ ಇಟ್ಟು ಫೋನ್, ಕಂಪ್ಯೂಟರ್ ಎರಡಕ್ಕೂ ಒದಗಿಸುವುದು ಇದೇ. ಸುಮ್ಮನೆ ಬಿಟ್ಟರೆ ಒಂದು ವಾರ ಮಾತ್ರ ಇಡುತ್ತದೆ, ಹೆಚ್ಚು ಬೇಕಿದ್ದರೆ ಅವಧಿ ಬರೆಯಿರಿ. ಹೊರಗಿನವರು ತಾವೇ ಖಾತೆ ತೆರೆಯುವ ಆಯ್ಕೆ ‘ಫಾಲ್ಸ್’ ಆಗಿರಲಿ. ‘ವರ್ಚುವಲ್‌ಹೋಸ್ಟ್’ ಎಂಬ ಸಾಲಿನಲ್ಲಿ ನಿಮ್ಮ ಡೊಮೇನ್ ಹಾಕಿ. ಹೆಚ್ಚಿನವರು ಎಡವುವುದು ಇಲ್ಲಿ: ಎಲ್ಲದಕ್ಕೂ ಅನ್ವಯಿಸಬೇಕಾದ ಸೆಟ್ಟಿಂಗನ್ನು ಈ ಸಾಲಿನ ಕೆಳಗೆ ಬರೆದರೆ ಅದು ಆ ಒಂದು ಹೋಸ್ಟಿಗೆ ಮಾತ್ರ ತಗಲುತ್ತದೆ. ಫೈಲ್ ಉಳಿಸಿದ ಮೇಲೆ ಪ್ರೊಸೊಡಿಸಿಟಿಎಲ್ ಎಂಬ ಆಜ್ಞೆಗೆ ‘ಚೆಕ್’ ಸೇರಿಸಿ ಓಡಿಸಿ; ಇಂಥ ತಪ್ಪು, ಬಿಟ್ಟುಹೋದ ಅಲ್ಪವಿರಾಮ, ಪ್ರಮಾಣಪತ್ರದ ಅವಧಿ ಎಲ್ಲವನ್ನೂ ಅದು ಹೇಳುತ್ತದೆ. ಅದೇ ಆಜ್ಞೆಗೆ ‘ಆ್ಯಡ್‌ಯೂಸರ್’ ಸೇರಿಸಿದರೆ ಹೊಸ ಖಾತೆ, ‘ಡೆಲ್‌ಯೂಸರ್’ ಸೇರಿಸಿದರೆ ಕೆಲಸ ಬಿಟ್ಟವರ ಖಾತೆ ರದ್ದು.

ಗುಂಪಿಗೆ ‘ಎಂಯುಸಿ’ ಎಂಬ ಘಟಕವನ್ನು ಬೇರೆ ಉಪಡೊಮೇನಿನಲ್ಲಿ ಸೇರಿಸಬೇಕು. ಗುಂಪು ಮಾಡುವಾಗ ಅದನ್ನು ‘ಪರ್ಸಿಸ್ಟೆಂಟ್’ ಎಂದು ಗುರುತು ಮಾಡಿ. ಮಾಡದಿದ್ದರೆ ಸಂಜೆ ಕೊನೆಯವರು ಹೊರಬಿದ್ದ ಕೂಡಲೆ ಗುಂಪೇ ಮಾಯವಾಗುತ್ತದೆ. ಫೈಲ್ ಕಳಿಸಲು ‘ಎಚ್‌ಟಿಟಿಪಿ ಫೈಲ್ ಶೇರ್’ ಘಟಕವಿದೆ. ಮೊದಲಿಗೆ ಅದರ ಮಿತಿ ಒಂದು ಫೈಲಿಗೆ 10 ಎಂಬಿ. ಸ್ಕ್ಯಾನ್ ಮಾಡಿದ ದಾಖಲೆಗಳಿಗೆ ಅಷ್ಟು ಸಾಕು, ಏರಿಸಲು ಹೋದರೆ ಹಳೆಯ ಡಿಸ್ಕ್ ತುಂಬಿ ಸರ್ವರೇ ನಿಲ್ಲಬಹುದು.

ಶಾಖೆಗಳ ಮಾತು. ಕಂಪ್ಯೂಟರುಗಳು ಸರ್ವರಿಗೆ 5222 ಪೋರ್ಟಿನಲ್ಲಿ ಬರುತ್ತವೆ. ಭಾಲ್ಕಿಯಿಂದ ಬೀದರಿನ ಯಂತ್ರಕ್ಕೆ ಬರಬೇಕಾದರೆ ನಿಮ್ಮ ಬ್ರಾಡ್‌ಬ್ಯಾಂಡಿಗೆ ಸಾರ್ವಜನಿಕ ಐಪಿ (ಹೊರಗಿನಿಂದ ನೇರ ತಲುಪಬಹುದಾದ ವಿಳಾಸ) ಇರಬೇಕು. ರೂಟರಿನ ವ್ಯಾನ್ ವಿಳಾಸ 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ನಿಮಗೆ ಸಾರ್ವಜನಿಕ ಐಪಿ ಇಲ್ಲ, ಕಂಪನಿ ಒಂದೇ ವಿಳಾಸವನ್ನು ಹಲವರಿಗೆ ಹಂಚಿದೆ. ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದದ್ದನ್ನು ಒಳಗಿನ ಯಂತ್ರಕ್ಕೆ ದಾಟಿಸುವುದು) ಎಷ್ಟು ಮಾಡಿದರೂ ಉಪಯೋಗವಿಲ್ಲ. ಆಗ ಸ್ಥಿರ ಐಪಿಗೆ ಹಣ ಕಟ್ಟಬೇಕು, ಇಲ್ಲವೇ ಸಾರ್ವಜನಿಕ ಐಪಿ ಇರುವ ಒಂದು ಸಣ್ಣ ಬಾಡಿಗೆ ಸರ್ವರನ್ನು ನಡುವೆ ಇಟ್ಟು ವೈರ್‌ಗಾರ್ಡ್ ಎಂಬ ಖಾಸಗಿ ಸುರಂಗ (ವಿಪಿಎನ್) ಜೋಡಿಸಬೇಕು. ಇನ್ನೂ ಸರಳವೆಂದರೆ ಪ್ರೊಸೊಡಿಯನ್ನೇ ಆ ಬಾಡಿಗೆ ಸರ್ವರಿನಲ್ಲಿ ಕೂರಿಸುವುದು. ಕರೆಂಟಿನ ಭರವಸೆ ಇಲ್ಲದ ಕಟ್ಟಡದಲ್ಲಿ ಮೂರು ಊರಿನ ಸರ್ವರ್ ಇಡುವುದಕ್ಕಿಂತ ಇದನ್ನೇ ನಾವು ಸೂಚಿಸುತ್ತೇವೆ. ಯಂತ್ರ ಪರರದಾದರೂ ಖಾತೆಗಳ ಯಜಮಾನಿಕೆ ನಿಮ್ಮದೇ, ಮಾತಿನ ಗುಟ್ಟಿಗೆ ಓಮೆಮೊ ಗೂಢಲಿಪಿ ಇದೆ. ಬೇರೆ ಡೊಮೇನಿನವರ ಜೊತೆ ಮಾತು ಬೇಡವೆಂದರೆ 5269 ಪೋರ್ಟ್ ತೆರೆಯಲೇಬೇಡಿ.

ಓಮೆಮೊ ಬಗ್ಗೆ ಎರಡು ಎಚ್ಚರಿಕೆ. ಗುಂಪಿನಲ್ಲಿ ಅದು ನಡೆಯಬೇಕಾದರೆ ಗುಂಪು ಸದಸ್ಯರಿಗೆ ಮಾತ್ರ ಎಂದಿರಬೇಕು, ಎಲ್ಲರ ನಿಜ ವಿಳಾಸ ಎಲ್ಲರಿಗೂ ಕಾಣುವಂತಿರಬೇಕು. ಹೊಸದಾಗಿ ಸೇರಿಸಿದ ಕಂಪ್ಯೂಟರಿಗೆ ಹಳೆಯ ಮೆಸೇಜು ಓದಲು ಬರುವುದಿಲ್ಲ. ಅದು ದೋಷವಲ್ಲ, ಅದರ ಕೀಲಿಕೈಗೆ ಆಗ ಬೀಗವೇ ಹಾಕಿರಲಿಲ್ಲ.

ಹಳೆಯ ಕಂಪ್ಯೂಟರನ್ನೇ ಇಡುವುದಾದರೆ ಮೊದಲು ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಬದಲಿಸಿ. ಸಾಮಾನ್ಯವಾಗಿ ಅದು ಸಿಆರ್ 2032. ಅದು ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ, ಮೆಸೇಜುಗಳ ಮೇಲೆ ತಪ್ಪು ತಾರೀಖು ಬೀಳುತ್ತದೆ. ನೌಕರರ ಕಂಪ್ಯೂಟರಿನಲ್ಲಿ ಸತ್ತಿದ್ದರಂತೂ ‘ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲ’ ಎಂದು ಗಜಿಮ್ ಒಳಗೇ ಬಿಡುವುದಿಲ್ಲ. ಜನ ಪಾಸ್‌ವರ್ಡ್ ತಪ್ಪಿದೆಯೆಂದು ದಿನವಿಡೀ ಬದಲಿಸುತ್ತ ಕೂರುತ್ತಾರೆ. ಬಯಾಸ್‌ನಲ್ಲಿ ಕರೆಂಟ್ ಬಂದಾಗ ತಾನೇ ಚಾಲೂ ಆಗುವ ಆಯ್ಕೆಯನ್ನೂ ಆನ್ ಮಾಡಿ. ವಾರಕ್ಕೊಮ್ಮೆ ಎರಡು ಫೋಲ್ಡರ್ ನಕಲು ತೆಗೆಯಿರಿ: ಸಂರಚನೆಯದು, ಮತ್ತು ವಾರ್ ಎಂಬ ಫೋಲ್ಡರಿನೊಳಗೆ ಲಿಬ್ ಫೋಲ್ಡರಿನಲ್ಲಿರುವ ಪ್ರೊಸೊಡಿ. ಪೆನ್‌ಡ್ರೈವನ್ನು ಅದೇ ಯಂತ್ರಕ್ಕೆ ಸಿಕ್ಕಿಸಿ ಬಿಡಬೇಡಿ.

ಪ್ರಶ್ನೆ: ಪಿಜಿನ್ ಹಾಕಿದ್ದೇನೆ. ಯಾಹೂ, ಗೂಗಲ್ ಟಾಕ್ ಯಾವುದೂ ಲಾಗಿನ್ ಆಗುತ್ತಿಲ್ಲ. ಕೆಟ್ಟಿದೆಯೇ?
– ಕಂಪ್ಯೂಟರ್ ಸೆಂಟರ್ ನಡೆಸುವವರು, ಶಹಾಪುರ

ಉತ್ತರ: ಪಿಜಿನ್ ಸರಿಯಾಗಿಯೇ ಇದೆ, ಆಚೆ ಬದಿಯ ಸೇವೆಗಳೇ ಮುಚ್ಚಿವೆ. 1998ರಲ್ಲಿ ಗೈಮ್ ಎಂದು ಹುಟ್ಟಿ 2007ರಲ್ಲಿ ಪಿಜಿನ್ ಆದ ಈ ತಂತ್ರಾಂಶ ಹತ್ತಾರು ಕಂಪನಿಗಳ ಸೇವೆಯನ್ನು ಒಂದೇ ಕಿಟಕಿಯಲ್ಲಿ ತೋರಿಸುತ್ತಿತ್ತು. ಎಒಎಲ್ ಕಂಪನಿಯ ಎಐಎಂ 2017ರ ಡಿಸೆಂಬರ್ 15ಕ್ಕೆ, ಯಾಹೂ ಮೆಸೆಂಜರ್ 2018ರ ಜುಲೈ 17ಕ್ಕೆ ನಿಂತವು. ಬೇರೆ ತಂತ್ರಾಂಶಗಳಿಂದ ಗೂಗಲ್ ಟಾಕ್‌ಗೆ ಹೋಗುವ ದಾರಿ 2022ರ ಜೂನ್ 16ಕ್ಕೆ ಮುಚ್ಚಿತು. ಈಗ ಪಿಜಿನ್ ಎಕ್ಸ್‌ಎಂಪಿಪಿ ಮತ್ತು ಐಆರ್‌ಸಿ ಎಂಬ ಹಳೆಯ ಗುಂಪು ಹರಟೆಯ ವ್ಯವಸ್ಥೆಗೆ ಒಳ್ಳೆಯದು. ಎದುರಿನವರು ಓಮೆಮೊ ಆನ್ ಮಾಡಿದ್ದರೆ ನಿಮಗೆ ಮೆಸೇಜಿನ ಬದಲು, ನಿಮ್ಮ ತಂತ್ರಾಂಶಕ್ಕೆ ಇದನ್ನು ಓದಲು ಬರುವುದಿಲ್ಲ ಎಂಬ ಇಂಗ್ಲಿಷ್ ಸಾಲು ಮಾತ್ರ ಕಾಣುತ್ತದೆ. ಅದಕ್ಕೆ ಲರ್ಚ್ ಎಂಬ ಪ್ಲಗಿನ್ ಬೇಕು, ಅಥವಾ ಗಜಿಮ್‌ಗೆ ಬದಲಿಸಿ.

ಸೆಂಟರ್ ನಡೆಸುವವರಾದ್ದರಿಂದ ಇದನ್ನೂ ತಿಳಿದಿರಿ: ‘ಪಾಸ್‌ವರ್ಡ್ ನೆನಪಿಡು’ ಎಂದರೆ ಪಿಜಿನ್ ಅದನ್ನು ಡಾಟ್ ಪರ್ಪಲ್ ಫೋಲ್ಡರಿನ ಅಕೌಂಟ್ಸ್ ಫೈಲಿನಲ್ಲಿ ಯಾವ ಮರೆಯೂ ಇಲ್ಲದೆ ಬರೆದಿಡುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದರೆ ಯಾರಿಗೂ ಓದಲು ಬರುತ್ತದೆ. ಹತ್ತು ಜನ ಕೂರುವ ಕಂಪ್ಯೂಟರಿನಲ್ಲಿ ಆ ಚೌಕಕ್ಕೆ ಟಿಕ್ ಹಾಕಬೇಡಿ.

ಪ್ರಶ್ನೆ: ಹಳೆಯ ನುಡಿಯಲ್ಲಿ ಟೈಪ್ ಮಾಡಿದ ಸುತ್ತೋಲೆಯನ್ನು ಗಜಿಮ್‌ಗೆ ಪೇಸ್ಟ್ ಮಾಡಿದರೆ ಅರ್ಥವಾಗದ ಚಿಹ್ನೆಗಳು ಬರುತ್ತವೆ.
– ಪಂಚಾಯತಿ ಡಾಟಾ ಎಂಟ್ರಿ ಆಪರೇಟರ್, ಸುರಪುರ ತಾಲ್ಲೂಕು

ಉತ್ತರ: ‘ಕನ್ನಡ’ ಎಂದು ಅಂಟಿಸಿದ್ದು ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆ ಗೀಟಿರುವ ಎ, ಪೌಂಡ್ ಚಿಹ್ನೆ ಹೀಗೆ ಕಂಡರೆ ನಿಮ್ಮ ಮೂಲ ಕಡತ ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಮಾನಕ) ಅಲ್ಲ. ಅಲ್ಲಿ ಕನ್ನಡ ಇದ್ದದ್ದು ಫಾಂಟಿನ ರೂಪದಲ್ಲಿ ಮಾತ್ರ. ಒಳಗೆ ಉಳಿದದ್ದು ಲ್ಯಾಟಿನ್ ಸಂಕೇತಗಳೇ. ಮೆಸೇಜಿನ ಜೊತೆ ಫಾಂಟ್ ಹೋಗುವುದಿಲ್ಲ. ನುಡಿಯ ಜೊತೆಗೇ ಬರುವ ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಿಸಿ, ಆಮೇಲೆ ಅಂಟಿಸಿ. ಅರ್ಕಾವತ್ತು ಇರುವ ಪದಗಳನ್ನು, ಮುಖ್ಯವಾಗಿ ಹೆಸರುಗಳನ್ನು, ಒಮ್ಮೆ ಕಣ್ಣಾಡಿಸಿ; ಪರಿವರ್ತನೆಯಲ್ಲಿ ಅದು ಜಾಗ ತಪ್ಪುವುದುಂಟು. ಮುಂದೆ ಟೈಪ್ ಮಾಡುವಾಗ ನುಡಿಯನ್ನು ಯೂನಿಕೋಡ್ ಕ್ರಮದಲ್ಲಿಡಿ. ಲಿನಕ್ಸ್‌ನಲ್ಲಿ ಟೈಪಿಂಗ್ ಸಾಧನವಾದ ಐಬಸ್‌ನ ಎಂ17ಎನ್ ಪ್ಯಾಕೇಜ್ ಹಾಕಿದರೆ ನುಡಿಯ ಕೆಜಿಪಿ ಕೀಲಿಮಣೆ ವಿನ್ಯಾಸ ಸಿಗುತ್ತದೆ, ಬೆರಳಿನ ರೂಢಿ ಬದಲಿಸಬೇಕಿಲ್ಲ.

ಚಿಹ್ನೆಗಳ ಬದಲು ಖಾಲಿ ಚೌಕ ಬಂದರೆ ಅದು ಬೇರೆ ಕಾಯಿಲೆ, ಫಾಂಟ್ ಇಲ್ಲ ಎಂದರ್ಥ. ನೋಟೊ ಸಾನ್ಸ್ ಕನ್ನಡ, ಗುಬ್ಬಿ, ನವಿಲು ಇವುಗಳಲ್ಲಿ ಯಾವುದಾದರೂ ಹಾಕಿ. ಪ್ರತಿ ಪದದ ಕೆಳಗೂ ಕೆಂಪು ಗೆರೆ ಬಂದರೆ ಇಂಗ್ಲಿಷಿನ ಕಾಗುಣಿತ ಪರೀಕ್ಷೆ ಬಂದ್ ಮಾಡಿ.

ಪ್ರಶ್ನೆ: ವಿಂಡೋಸ್ ಮತ್ತೆ ಹಾಕಿದ ಮೇಲೆ ಸಿಗ್ನಲ್ ಡೆಸ್ಕ್‌ಟಾಪಿನಲ್ಲಿದ್ದ ಮಾತುಕತೆ ಹೋಯಿತು. ಹಳೆಯ ಫೋಲ್ಡರ್ ನಕಲಿದೆ, ವಾಪಸ್ ಹಾಕಿದರೂ ತೆರೆಯುತ್ತಿಲ್ಲ. ಎಲಿಮೆಂಟ್ ಆಗಿದ್ದರೆ ಉಳಿಯುತ್ತಿತ್ತೇ?
– ವಕೀಲರು, ಕಲಬುರಗಿ

ಉತ್ತರ: ನೀವಾಗಿ ಬ್ಯಾಕಪ್ ಆನ್ ಮಾಡಿರದಿದ್ದರೆ ಸಿಗ್ನಲ್‌ನ ಮೆಸೇಜು ಸರ್ವರಿನಲ್ಲಿ ಉಳಿಯುವುದಿಲ್ಲ, ಇರುವುದೆಲ್ಲ ನಿಮ್ಮ ಫೋನು ಮತ್ತು ಕಂಪ್ಯೂಟರಿನಲ್ಲಿ. 2024ರಿಂದ ಈಚಿನ ಆವೃತ್ತಿಗಳು ಆ ಫೋಲ್ಡರಿನ ಕೀಲಿಯನ್ನು ಆಪರೇಟಿಂಗ್ ಸಿಸ್ಟಮ್ಮಿನ ಸುಪರ್ದಿಗೆ ಕೊಡುತ್ತವೆ. ಹಳೆಯ ವಿಂಡೋಸ್ ಹೋದಾಗ ಕೀಲಿಯೂ ಹೋಯಿತು. ಫೋನಿನಲ್ಲಿ ಮಾತುಕತೆ ಇದೆಯಷ್ಟೆ? ಕಂಪ್ಯೂಟರಿನಲ್ಲಿ ಸಿಗ್ನಲ್ ಹೊಸದಾಗಿ ಹಾಕಿ, ಕ್ಯೂಆರ್ ಮೂಲಕ ಜೋಡಿಸುವಾಗ ಫೋನು ‘ಹಿಂದಿನ ಮೆಸೇಜು ವರ್ಗಾಯಿಸಲೇ’ ಎಂದು ಕೇಳುತ್ತದೆ. 2025ರಲ್ಲಿ ಬಂದ ಈ ಸೌಲಭ್ಯದಲ್ಲಿ ಮಾತೆಲ್ಲ ಬರುತ್ತದೆ, ಚಿತ್ರ ಮತ್ತು ಫೈಲು ಕೊನೆಯ 45 ದಿನಗಳವು ಮಾತ್ರ. ಕಕ್ಷಿದಾರರು ಕಳಿಸಿದ ದಾಖಲೆಗಳನ್ನು ಬಂದ ದಿನವೇ ಬೇರೆ ಫೋಲ್ಡರಿಗೆ ಇಳಿಸಿಕೊಳ್ಳುವುದು ವಾಸಿ.

ಎಲಿಮೆಂಟ್ ಎಂಬ ಮೆಸೇಜಿಂಗ್ ತಂತ್ರಾಂಶ ಓಡುವುದು ಮ್ಯಾಟ್ರಿಕ್ಸ್ ಎಂಬ ಮುಕ್ತ ಜಾಲದ ಮೇಲೆ. ಅಲ್ಲಿ ಮೆಸೇಜು ಗೂಢಲಿಪಿಯಲ್ಲಿ ಸರ್ವರಿನಲ್ಲೇ ಉಳಿಯುತ್ತದೆ, ಹೊಸ ಕಂಪ್ಯೂಟರಿನಲ್ಲಿ ಲಾಗಿನ್ ಆದರೆ ಸಿಗುತ್ತದೆ. ಆದರೆ ಓದಲು ರಿಕವರಿ ಕೀ (ಗೂಢಲಿಪಿ ಬಿಡಿಸುವ ಉದ್ದನೆಯ ಗುಟ್ಟಿನ ಸಂಕೇತ) ಬೇಕು, ಇಲ್ಲವೇ ಈಗಾಗಲೇ ಲಾಗಿನ್ ಆಗಿರುವ ಇನ್ನೊಂದು ಸಾಧನದಿಂದ ಒಪ್ಪಿಗೆ ಬೇಕು. ಎರಡೂ ಇಲ್ಲದೆ ಪಾಸ್‌ವರ್ಡ್ ಒಂದೇ ಇದ್ದರೆ ಸಾಲುಸಾಲಾಗಿ ‘ಡಿಕ್ರಿಪ್ಟ್ ಆಗಲಿಲ್ಲ’ ಎಂದೇ ಕಾಣುತ್ತದೆ. ಆ ಕೀಯನ್ನು ಕಾಗದದ ಮೇಲೆ ಬರೆದು ಕಪಾಟಿನಲ್ಲಿಡಿ. ನಿಮ್ಮ ಕಂಪ್ಯೂಟರಿನ ರ‍್ಯಾಮ್ 4 ಜಿಬಿಯೊಳಗಿದ್ದರೆ ಎಲಿಮೆಂಟ್ ತೆವಳುತ್ತದೆ. ಅದು ಒಳಗೆ ಒಂದು ಇಡೀ ಬ್ರೌಸರನ್ನೇ ಹೊತ್ತಿದೆ.

ಪ್ರಶ್ನೆ: ಟೆಲಿಗ್ರಾಂ ಮುಕ್ತ ತಂತ್ರಾಂಶವೇ?
– ವಿದ್ಯಾರ್ಥಿ, ಯಾದಗಿರಿ

ಉತ್ತರ: ಅರ್ಧ. ಕಂಪ್ಯೂಟರಿನಲ್ಲಿ ಹಾಕಿಕೊಳ್ಳುವ ಟೆಲಿಗ್ರಾಂ ಡೆಸ್ಕ್‌ಟಾಪಿನ ಮೂಲ ಸಂಕೇತ ಜಿಪಿಎಲ್ ಎಂಬ ಮುಕ್ತ ತಂತ್ರಾಂಶದ ಪರವಾನಗಿಯಲ್ಲಿ ಮುಕ್ತವಾಗಿದೆ, ಸರ್ವರಿನದು ಇಲ್ಲ. ಸಾಮಾನ್ಯ ಮಾತುಕತೆ ಅವರ ಸರ್ವರಿನಲ್ಲಿ ಅವರಿಗೆ ಓದಲು ಸಾಧ್ಯವಿರುವ ರೀತಿಯಲ್ಲೇ ಉಳಿಯುತ್ತದೆ. ‘ಸೀಕ್ರೆಟ್ ಚಾಟ್’ ವಿಂಡೋಸ್, ಲಿನಕ್ಸ್‌ನ ಟೆಲಿಗ್ರಾಂ ಡೆಸ್ಕ್‌ಟಾಪಿನಲ್ಲಿ ಇಲ್ಲವೇ ಇಲ್ಲ.

ಪ್ರಶ್ನೆ: ಮೊಬೈಲ್ ನಂಬರ್ ಕೊಡದೆ, ಸರ್ವರ್ ಗೊಡವೆಯೂ ಇಲ್ಲದೆ ಜಾಮಿ ಬಳಸಬಹುದು ಎನ್ನುತ್ತಾರೆ. ನಂಬಬಹುದೇ?
– ಬಿದ್ರಿ ಸಾಮಾನಿನ ವ್ಯಾಪಾರಿ, ಬೀದರ್

ಉತ್ತರ: ನಂಬಬಹುದು. ಜಾಮಿ ಮುಕ್ತ ತಂತ್ರಾಂಶಗಳ ಗ್ನೂ ಯೋಜನೆಯ ಭಾಗ, ಕಂಪ್ಯೂಟರುಗಳ ನಡುವೆ ನೇರ ಮಾತು ನಡೆಸುತ್ತದೆ. ಅದಕ್ಕೆ ತಕ್ಕ ತೊಡಕೂ ಇದೆ: ಖಾತೆ ಇರುವುದು ನಿಮ್ಮ ಸಾಧನದಲ್ಲಿ ಮಾತ್ರ. ಪಾಸ್‌ವರ್ಡ್ ಮರೆತರೆ ಕೇಳಲು ಯಾರೂ ಇಲ್ಲ. ಖಾತೆ ಮಾಡಿದ ದಿನವೇ ಸೆಟ್ಟಿಂಗಿನಲ್ಲಿ ಬ್ಯಾಕಪ್ ಫೈಲ್ ತೆಗೆದು ಪೆನ್‌ಡ್ರೈವಿಗೆ ಹಾಕಿ, ಇಲ್ಲವೇ ಎರಡನೆಯ ಸಾಧನ ಜೋಡಿಸಿ. ನೋಂದಾಯಿಸಿದ ಹೆಸರನ್ನು ಆಮೇಲೆ ಬದಲಿಸಲು ಬರುವುದಿಲ್ಲ, ಕಾಗುಣಿತ ನೋಡಿ ಒತ್ತಿ. ಹೈದರಾಬಾದಿನ ಗಿರಾಕಿ ಆರ್ಡರ್ ಕಳಿಸಿ ತಕ್ಷಣ ಕಂಪ್ಯೂಟರ್ ಆರಿಸಿದರೆ, ನಿಮ್ಮ ಅಂಗಡಿಯ ಯಂತ್ರ ಆಗ ಬಂದ್ ಇದ್ದರೆ, ಇಬ್ಬರಲ್ಲೂ ಒಟ್ಟಿಗೆ ಚಾಲೂ ಆಗುವ ತನಕ ಅದು ಬರುವುದಿಲ್ಲ. ಇಬ್ಬರಲ್ಲೊಬ್ಬರು ಅದೇ ಖಾತೆಯನ್ನು ಫೋನಿಗೂ ಜೋಡಿಸಿ, ಅದಕ್ಕೆ ಬ್ಯಾಟರಿ ಉಳಿತಾಯದಿಂದ ವಿನಾಯಿತಿ ಕೊಟ್ಟರೆ ಈ ತೊಂದರೆ ಬಹುಮಟ್ಟಿಗೆ ಕಡಿಮೆಯಾಗುತ್ತದೆ.